ಲ್ಯಾಪ್‌ಟಾಪಿನ ಬದಿಯ ಸೀಳು: ಪಿಸಿ ಕಾರ್ಡು ಲಿನಕ್ಸಿಗೆ ಒಲಿದ ಕಥೆ

ಈಗಿನ ಲ್ಯಾಪ್‌ಟಾಪುಗಳಲ್ಲಿ ಕಾಣಸಿಗದ ಒಂದು ವಸ್ತುವಿನ ಬಗ್ಗೆ ಈ ಸಲ ಬರೆಯುತ್ತಿದ್ದೇವೆ. ಸುಮಾರು 1995ರಿಂದ 2006-07ರವರೆಗೆ ತಯಾರಾದ ಹೆಚ್ಚಿನ ಲ್ಯಾಪ್‌ಟಾಪುಗಳ ಬದಿಯಲ್ಲಿ ಎಟಿಎಂ ಕಾರ್ಡಿನಷ್ಟು ಅಗಲದ ಒಂದು ಸೀಳು ಇರುತ್ತಿತ್ತು. ಅದರ ಪಕ್ಕದಲ್ಲಿ ಒಂದು ಪುಟ್ಟ ಗುಂಡಿ. ಶಾಲೆಯ ಕಂಪ್ಯೂಟರ್ ಕೋಣೆಯ ಮೂಲೆಯಲ್ಲಿ ಧೂಳು ತಿನ್ನುತ್ತಾ ಕುಳಿತ ಹಳೆಯ ಯಂತ್ರದಲ್ಲಿ ಇದನ್ನು ಕಂಡ ಮಕ್ಕಳು "ಮಾಷ್ಟ್ರೇ, ಇದು ಎಂತಕ್ಕೆ?" ಎಂದು ಕೇಳುವುದುಂಟು.

ಉತ್ತರ ಒಂದೇ ಸಾಲಿನದು. ಲ್ಯಾಪ್‌ಟಾಪಿನಲ್ಲಿ ಇಲ್ಲದ ಸೌಲಭ್ಯವನ್ನು, ಅಂದರೆ ನೆಟ್‌ವರ್ಕ್, ಮೋಡೆಮ್, ವೈರ್‌ಲೆಸ್ ಮುಂತಾದವನ್ನು, ಒಂದು ಕಾರ್ಡಿನ ರೂಪದಲ್ಲಿ ಸೇರಿಸಿಕೊಳ್ಳುವ ಜಾಗ ಅದು. ಆದರೆ ಆ ಕಾರ್ಡುಗಳು ಲಿನಕ್ಸಿನಲ್ಲಿ ಕೆಲಸ ಮಾಡುವಂತಾದದ್ದು ಹೇಗೆ ಎಂಬುದು ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಅದರ ಹಿಂದೆ ಸುಮಾರು ಹದಿನೈದು ವರ್ಷಗಳ ದುಡಿಮೆ ಇದೆ. ಗಡಿಯಾಚೆ ಕನ್ನಡ ಮಾಧ್ಯಮದಲ್ಲಿ ಕಲಿಸುವ ನಮಗೆಲ್ಲ ಚೆನ್ನಾಗಿ ಪರಿಚಯವಿರುವ ಒಂದು ಪ್ರಶ್ನೆಯೂ ಅದರಲ್ಲಿದೆ: ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ ಯಾರು ಮಾಡಿಕೊಡುತ್ತಾರೆ?

ಹೆಸರೇ ಒಂದು ಕಷ್ಟ

1989ರಲ್ಲಿ ಅಮೆರಿಕದಲ್ಲಿ ಕೆಲವು ಕಂಪೆನಿಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. ಅದರ ಉದ್ದನೆಯ ಹೆಸರಿನ ಸಂಕ್ಷೇಪ ಪಿಸಿಎಂಸಿಐಎ. 'ಕಂಪ್ಯೂಟರ್ ಉದ್ಯಮದ ಸಂಕ್ಷೇಪಗಳು ಜನರ ನೆನಪಿನಲ್ಲಿ ಉಳಿಯುವುದಿಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನೇ ಆ ಅಕ್ಷರಗಳ ವಿಸ್ತಾರವೆಂದು ಹೇಳಿ ಆ ಕಾಲದ ತಂತ್ರಜ್ಞರು ನಗುತ್ತಿದ್ದರು. ಹೆಸರಿನಲ್ಲಿರುವ ಒಂದು 'ಎಂ' ಮೆಮೊರಿಯದು. ಮೊದಲ ಉದ್ದೇಶ ಮೆಮೊರಿ ಕಾರ್ಡು ಮಾತ್ರವಾಗಿತ್ತು. ಜಪಾನಿನ ಇಂಥದೇ ಸಂಘದ ಜೊತೆ ಸೇರಿ 1990ರಲ್ಲಿ ಮೊದಲ ಮಾನದಂಡ ಹೊರಬಂತು. 1991ರ ಎರಡನೆಯ ಆವೃತ್ತಿಯಲ್ಲಿ ಮೋಡೆಮ್, ನೆಟ್‌ವರ್ಕ್ ಮುಂತಾದವುಗಳಿಗೂ ಅವಕಾಶವಾಯಿತು. ಮುಂದೆ 'ಪಿಸಿ ಕಾರ್ಡ್' ಎಂಬ ಸುಲಭದ ಹೆಸರು ರೂಢಿಗೆ ಬಂತು.

ಅಳತೆ 85.6 ಮಿಲಿಮೀಟರ್ ಉದ್ದ, 54 ಮಿಲಿಮೀಟರ್ ಅಗಲ. ದಪ್ಪದಲ್ಲಿ ಮೂರು ಬಗೆ: 3.3, 5 ಮತ್ತು 10.5 ಮಿಲಿಮೀಟರ್. ಸೀಳಿನ ಒಳಗೆ 68 ಪಿನ್ನುಗಳು. ಈ ಪಿನ್ನುಗಳೆಲ್ಲ ಒಂದೇ ಉದ್ದದವಲ್ಲ! ವಿದ್ಯುತ್ ಕೊಡುವ ಪಿನ್ನುಗಳು ಎಲ್ಲಕ್ಕಿಂತ ಉದ್ದ, 'ಕಾರ್ಡು ಬಂದಿದೆ' ಎಂದು ತಿಳಿಸುವ ಪಿನ್ನುಗಳು ಎಲ್ಲಕ್ಕಿಂತ ಗಿಡ್ಡ. ಹಾಗಾಗಿ ಕಾರ್ಡು ಪೂರ್ತಿ ಒಳಹೋಗಿ ಕುಳಿತ ಮೇಲಷ್ಟೇ ಯಂತ್ರಕ್ಕೆ ಸುದ್ದಿ ಮುಟ್ಟುತ್ತದೆ. ಕಂಪ್ಯೂಟರನ್ನು ಆರಿಸದೆಯೇ ಕಾರ್ಡನ್ನು ಹಾಕಿ ತೆಗೆಯಲು ಸಾಧ್ಯವಾಗಿಸಿದ ಉಪಾಯಗಳಲ್ಲಿ ಇದೂ ಒಂದು.

ಇನ್ನೊಂದು ವಿಶೇಷವೆಂದರೆ ಕಾರ್ಡು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತಿತ್ತು. ಒಳಗಿನ ಮೆಮೊರಿಯ ಒಂದು ಭಾಗದಲ್ಲಿ 'ನನ್ನನ್ನು ಮಾಡಿದವರು ಇಂಥವರು, ನಾನು ಇಂಥ ಕೆಲಸದ ಕಾರ್ಡು, ನನಗೆ ಇಷ್ಟು ವಿದ್ಯುತ್ ಬೇಕು, ಇಂತಿಂಥ ವಿಳಾಸ ಬೇಕು' ಎಂಬ ವಿವರಗಳು ಸಾಲಾಗಿ ಇರುತ್ತಿದ್ದವು. ಶಾಲೆಗೆ ಹೊಸದಾಗಿ ಸೇರುವ ಮಗು ತನ್ನ ದಾಖಲಾತಿ ಅರ್ಜಿಯನ್ನು ತಾನೇ ತುಂಬಿಸಿ ತಂದ ಹಾಗೆ ಎನ್ನಿ.

ಆದರೆ ಪರಿಚಯ ಹೇಳಿಕೊಂಡರೆ ಸಾಕೇ? ಆ ಮಗುವಿನ ಭಾಷೆಯಲ್ಲಿ ಮಾತಾಡುವ ಮೇಷ್ಟ್ರೂ ಬೇಕಲ್ಲ. ಯಂತ್ರಾಂಶಕ್ಕೂ ಕಾರ್ಯಾಚರಣೆ ವ್ಯವಸ್ಥೆಗೂ ನಡುವೆ ನಿಂತು ಅನುವಾದಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ. ಅಕ್ಷರಶಃ 'ಚಾಲಕ' ಎಂದಾದರೂ ಅದರ ನಿಜವಾದ ಕೆಲಸ ದುಭಾಷಿಯದು. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿಗಳ ನಡುವೆ ದಿನ ಕಳೆಯುವ ಕಾಸರಗೋಡಿನವರಿಗೆ ದುಭಾಷಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯ ಡಬ್ಬದೊಳಗೆ ಕಾರ್ಡಿನ ಜೊತೆ ಬರುತ್ತಿದ್ದ ಡಿಸ್ಕಿನಲ್ಲಿ ಡಾಸ್‌ಗೆ, ವಿಂಡೋಸ್‌ಗೆ ದುಭಾಷಿ ಇರುತ್ತಿತ್ತು. ಲಿನಕ್ಸಿಗೆ ಇರುತ್ತಿರಲಿಲ್ಲ. 'ಬಳಸುವವರು ತೀರಾ ಕಡಿಮೆ, ನಮಗೆ ಗಿಟ್ಟುವುದಿಲ್ಲ' ಎಂಬುದು ಕಂಪೆನಿಗಳ ಲೆಕ್ಕ. ಇಂಥ ಲೆಕ್ಕವನ್ನು ನಾವೂ ಎಷ್ಟು ಸಲ ಕೇಳಿಲ್ಲ!

ಒಬ್ಬ ಮನುಷ್ಯ, ಒಂದು ಕೈಪಿಡಿ

ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲನ್ನು ಲೋಕದ ಮುಂದಿಟ್ಟದ್ದು 1991ರಲ್ಲಿ. ಅದು ಮೇಜಿನ ಮೇಲಿನ 386 ಪಿಸಿಗಾಗಿ ಹುಟ್ಟಿದ್ದು. ಲ್ಯಾಪ್‌ಟಾಪಿನ ಕಾರ್ಡುಗಳ ವಿಚಾರ ಆಗ ಅದರಲ್ಲಿ ಇರಲಿಲ್ಲ.

ಆ ಕೊರತೆ ತುಂಬಿದವರು ಅಮೆರಿಕದ ಡೇವಿಡ್ ಹೈಂಡ್ಸ್. 1990ರ ದಶಕದಲ್ಲಿ ಅವರು 'ಪಿಸಿಎಂಸಿಐಎ-ಸಿಎಸ್' ಎಂಬ ತಂತ್ರಾಂಶದ ಕಟ್ಟನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಸೀಳನ್ನು ನಿಯಂತ್ರಿಸುವ ಚಿಪ್ಪುಗಳ ಜೊತೆ ಮಾತಾಡುವ ಭಾಗ, ಕಾರ್ಡಿನ ಪರಿಚಯಪತ್ರ ಓದುವ ಭಾಗ, ಬೇರೆ ಬೇರೆ ಕಾರ್ಡುಗಳ ಡ್ರೈವರುಗಳು, ಎಲ್ಲವೂ ಅದರಲ್ಲಿದ್ದವು. ಅದು ಕರ್ನೆಲಿನ ಜೊತೆಗೇ ಬರುತ್ತಿರಲಿಲ್ಲ. ಬೇರೆಯಾಗಿ ತಂದು, ನಮ್ಮ ಯಂತ್ರದ ಕರ್ನೆಲಿಗೆ ಹೊಂದುವಂತೆ ಕಂಪೈಲ್ ಮಾಡಿ ಸೇರಿಸಬೇಕಿತ್ತು. ಕರ್ನೆಲ್ ಬದಲಾದರೆ ಮತ್ತೆ ಅದೇ ಕೆಲಸ!

ತಂತ್ರಾಂಶದಷ್ಟೇ ದೊಡ್ಡದು ಅವರು ಬರೆದ ಕೈಪಿಡಿ. ಲಿನಕ್ಸ್ ಬಳಸುವವರು ತಾವು ಕಲಿತದ್ದನ್ನು 'ಹೌಟು' ಎಂಬ ಹೆಸರಿನಲ್ಲಿ ಬರೆದು ಹಂಚುತ್ತಿದ್ದ ಕಾಲ ಅದು. ಹೈಂಡ್ಸ್ ಅವರ ಪಿಸಿಎಂಸಿಐಎ ಹೌಟು ಅವುಗಳಲ್ಲಿ ಹೆಸರುವಾಸಿ. ಯಾವ ಕಾರ್ಡು ನಡೆಯುತ್ತದೆ, ಯಾವುದು ನಡೆಯುವುದಿಲ್ಲ, ಯಂತ್ರ ಸ್ತಬ್ಧವಾದರೆ ಮೊದಲು ಏನು ನೋಡಬೇಕು ಎಂದೆಲ್ಲ ಅದರಲ್ಲಿ ಕ್ರಮವಾಗಿ ವಿವರಿಸಿದ್ದರು. ಅದನ್ನು ಓದಿದರೆ ಎದುರಿಗೆ ಕುಳಿತು ಪಾಠ ಹೇಳುವ ಒಳ್ಳೆಯ ಮೇಷ್ಟ್ರ ನೆನಪಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇವೆ. ಕಾರ್ಡನ್ನು ತೂರಿಸಿದಾಗ ಹಿನ್ನೆಲೆಯಲ್ಲಿ ಕಾದು ಕುಳಿತ 'ಕಾರ್ಡ್ ಮ್ಯಾನೇಜರ್' ಎಂಬ ಪ್ರೋಗ್ರಾಂ ಎಚ್ಚರಗೊಂಡು, ಪರಿಚಯಪತ್ರ ಓದಿ, ತನ್ನ ಪಟ್ಟಿಯಲ್ಲಿ ಹುಡುಕಿ, ಸರಿಯಾದ ಡ್ರೈವರನ್ನು ಕರೆಯುತ್ತಿತ್ತು. ಪರದೆಯ ಮೇಲೆ ಏನೂ ಕಾಣದಿದ್ದರೂ ಕಿವಿಗೆ ಸುದ್ದಿ ಬರುತ್ತಿತ್ತು. ಎತ್ತರದ ದನಿಯಲ್ಲಿ ಎರಡು ಸಲ 'ಬೀಪ್ ಬೀಪ್' ಎಂದರೆ ಗುರುತೂ ಸಿಕ್ಕಿತು, ಕೆಲಸವೂ ಶುರುವಾಯಿತು. ಒಂದು ಎತ್ತರದ, ಒಂದು ತಗ್ಗಿದ ದನಿ ಕೇಳಿದರೆ ಗುರುತು ಸಿಕ್ಕಿದೆ, ಆದರೆ ಸಜ್ಜುಗೊಳಿಸಲು ಆಗಲಿಲ್ಲ. ಒಂದೇ ಒಂದು ತಗ್ಗಿದ ದನಿ ಕೇಳಿದರೆ ಅಪರಿಚಿತ ಕಾರ್ಡು!

ತಗ್ಗಿದ ದನಿ ಕೇಳಿದವರ ಕೆಲಸ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಕಾರ್ಡಿನ ಪರಿಚಯಪತ್ರವನ್ನು ಹೊರತೆಗೆದು ತೋರಿಸುವ ಉಪಕರಣವೂ ಆ ಕಟ್ಟಿನಲ್ಲಿತ್ತು. ಎಷ್ಟೋ ಸಲ ಹೊಸ ಕಾರ್ಡಿನ ಒಳಗಿನ ಚಿಪ್ಪು ಹಳೆಯದೇ ಆಗಿರುತ್ತಿತ್ತು, ಹೆಸರು ಮಾತ್ರ ಬೇರೆ. ಅಂಥಲ್ಲಿ ಪಟ್ಟಿಗೆ ಎರಡು ಮೂರು ಸಾಲು ಸೇರಿಸಿದರೆ ಸಾಕು, ಕಾರ್ಡು ನಡೆಯುತ್ತಿತ್ತು. ಹಾಗೆ ಒಬ್ಬರು ಕಂಡುಕೊಂಡದ್ದು ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ಸಿಗುತ್ತಿತ್ತು. ಹನಿ ಹನಿ ಗೂಡಿದರೆ ಹಳ್ಳ ಎನ್ನುವುದು ಇದಕ್ಕೇ.

ಕೈ ಎತ್ತುವ ಹದಿನಾರು ದಾರಿ

ಗುರುತು ಸಿಕ್ಕಿಯೂ ಕಾರ್ಡು ನಡೆಯದಿರಲು ಮುಖ್ಯ ಕಾರಣ ಜಾಗದ ಜಗಳ. ಒಂದು ಸಾಧನ ಪ್ರೊಸೆಸರಿನ ಗಮನ ಸೆಳೆಯಲು ಕಳಿಸುವ ಸಂಕೇತಕ್ಕೆ ಇಂಟರಪ್ಟ್ ಎನ್ನುತ್ತಾರೆ. ತರಗತಿಯಲ್ಲಿ ಮಕ್ಕಳು ಕೈ ಎತ್ತುವ ಹಾಗೆ. ಆ ಕಾಲದ ಪಿಸಿಗಳಲ್ಲಿ ಇದಕ್ಕೆ ಇದ್ದದ್ದು 0ರಿಂದ 15ರವರೆಗಿನ 16 ದಾರಿಗಳು ಮಾತ್ರ. ಅದರಲ್ಲಿ 1 ಕೀಲಿಮಣೆಗೆ, 6 ಫ್ಲಾಪಿಗೆ, 12 ಮೌಸಿಗೆ, 14 ಹಾರ್ಡ್ ಡಿಸ್ಕಿಗೆ ಎಂದು ಹೆಚ್ಚಿನವು ಮೊದಲೇ ಹಂಚಿಹೋಗಿದ್ದವು. ಹೊಸದಾಗಿ ಬಂದ ಕಾರ್ಡು ಬೇರೆಯವರ ದಾರಿಯಲ್ಲಿ ಕೈ ಎತ್ತಿದರೆ ಎರಡೂ ಕೆಡುತ್ತಿದ್ದವು. ಮೆಮೊರಿ ವಿಳಾಸಗಳದೂ ಇದೇ ಪಾಡು. ಖಾಲಿ ಇದೆಯೇ ಎಂದು ತಟ್ಟಿ ನೋಡಿದ ಜಾಗದಲ್ಲಿ ಬೇರೊಂದು ಸಾಧನ ಇದ್ದರೆ ಲ್ಯಾಪ್‌ಟಾಪ್ ನಿಂತಲ್ಲೇ ನಿಲ್ಲುತ್ತಿತ್ತು.

ಇದಕ್ಕೆ ಹೈಂಡ್ಸ್ ಮಾಡಿದ ವ್ಯವಸ್ಥೆ ಸರಳ. ಯಾವ ಜಾಗ ಮುಟ್ಟಬಹುದು, ಯಾವುದು ಬೇಡ ಎಂದು ಒಂದು ಪುಟ್ಟ ಕಡತದಲ್ಲಿ ಬರೆದಿಡುವುದು. ಅದನ್ನು ಯಾರೂ ತೆರೆದು ಓದಬಹುದು, ತಮ್ಮ ಯಂತ್ರಕ್ಕೆ ತಕ್ಕಂತೆ ತಿದ್ದಬಹುದು. ವಿಂಡೋಸಿನಲ್ಲಿ ಡ್ರೈವರ್ ಹೊಂದದಿದ್ದರೆ ಕಂಪೆನಿಯ ಮುಂದಿನ ಡಿಸ್ಕಿಗೆ ಕಾಯಬೇಕಿತ್ತು. ಇಲ್ಲಿ ಕಷ್ಟವೂ ನಮ್ಮದೇ, ಪರಿಹಾರವೂ ನಮ್ಮ ಕೈಯಲ್ಲೇ.

ಈ ದುಡಿಮೆಯಲ್ಲಿ ಹೈಂಡ್ಸ್ ಒಬ್ಬರೇ ಇರಲಿಲ್ಲ. ನಾಸಾದಲ್ಲಿದ್ದ ಡೊನಾಲ್ಡ್ ಬೆಕರ್ ಬರೆದ ನೆಟ್‌ವರ್ಕ್ ಡ್ರೈವರುಗಳು ಹಲವು ಕಾರ್ಡುಗಳ ಡ್ರೈವರಿಗೆ ತಳಹದಿಯಾದವು. ಜರ್ಮನಿಯ ವೆರ್ನರ್ ಕಾಖ್ ಜೈರ್‌ಕಾಂ ಕಂಪೆನಿಯ ಕಾರ್ಡುಗಳಿಗೆ ಡ್ರೈವರ್ ಬರೆದರು. ಮಿಂಚಂಚೆಯನ್ನು ಗುಪ್ತಲಿಪಿಯಲ್ಲಿ ಕಳಿಸಲು ಲೋಕವೆಲ್ಲ ಬಳಸುವ 'ಗ್ನುಪಿಜಿ' ತಂತ್ರಾಂಶದ ಕರ್ತೃವೂ ಇವರೇ.

2001ರ ಜನವರಿ 4ರಂದು ಹೊರಬಂದ 2.4 ಕರ್ನೆಲಿನಲ್ಲಿ ಪಿಸಿ ಕಾರ್ಡಿನ ಬೆಂಬಲ ಮನೆಯೊಳಗೇ ಸೇರಿಕೊಂಡಿತು. ಬೇರೆ ಕಟ್ಟು ತಂದು ಹೊಂದಿಸುವ ಕಷ್ಟ ಕಡಿಮೆಯಾಯಿತು. ಅಷ್ಟರಲ್ಲಿ 'ಕಾರ್ಡ್‌ಬಸ್' ಎಂಬ 32 ಬಿಟ್ಟಿನ, ಹೆಚ್ಚು ವೇಗದ ಕಾರ್ಡುಗಳೂ ಬಳಕೆಗೆ ಬಂದಿದ್ದವು. ಹೊರನೋಟಕ್ಕೆ ಹಳೆಯ ಕಾರ್ಡೇ, ಒಳಗೆ ಡೆಸ್ಕ್‌ಟಾಪಿನ ಪಿಸಿಐ ಕಾರ್ಡಿನ ರೀತಿ. ಹಾಗಾಗಿ ಡೆಸ್ಕ್‌ಟಾಪಿಗೆ ಬರೆದ ಡ್ರೈವರೇ ಬಹಳಷ್ಟು ಕಡೆ ಇದಕ್ಕೂ ಒದಗಿತು. 2005ರ 2.6.13 ಕರ್ನೆಲಿನ ಹೊತ್ತಿಗೆ ಹೈಂಡ್ಸ್ ಅವರ ಕಟ್ಟಿನ ಜಾಗಕ್ಕೆ ಹೊಸ, ಚಿಕ್ಕ ಉಪಕರಣಗಳು ಬಂದವು. 'ಬೀಪ್ ಬೀಪ್' ಹಾಡುತ್ತಿದ್ದ ಪ್ರೋಗ್ರಾಂಗೆ ನಿವೃತ್ತಿಯಾಯಿತು.

ತಂತಿ ಹೋಯಿತು, ತಲೆನೋವು ಬಂತು

ಇನ್ನು ಎಲ್ಲ ಸುಖವಾಯಿತು ಎನ್ನುವಾಗ ವೈರ್‌ಲೆಸ್ ಬಂತು. ಸೆಕೆಂಡಿಗೆ 11 ಮೆಗಾಬಿಟ್ ವೇಗದ ಮಾನದಂಡ ರೂಪುಗೊಂಡದ್ದು 1999ರಲ್ಲಿ. ಮೊದಲ ಹಂತದಲ್ಲಿ ಲೂಸೆಂಟ್ ಕಂಪೆನಿಯ ಒರಿನೊಕೊ ಕಾರ್ಡು ಲಿನಕ್ಸಿನವರ ಅಚ್ಚುಮೆಚ್ಚಿನದಾಯಿತು. ಎಚ್‌ಪಿ ಪ್ರಯೋಗಾಲಯದ ಜಾನ್ ಟೂರಿಲ್ಲ ಅವರು ಎಲ್ಲ ಬಗೆಯ ವೈರ್‌ಲೆಸ್ ಕಾರ್ಡುಗಳನ್ನು ಒಂದೇ ರೀತಿಯ ಆಜ್ಞೆಗಳಿಂದ ನಡೆಸುವ ಉಪಕರಣಗಳನ್ನು ಆ ಮೊದಲೇ ಸಿದ್ಧಪಡಿಸಿದ್ದರು.

ಆಮೇಲೆ ಶುರುವಾಯಿತು ಗೊಂದಲ. ಡಬ್ಬದ ಮೇಲೆ ಒಂದೇ ಹೆಸರು, ಒಳಗೆ ಬೇರೆ ಚಿಪ್ಪು! ಲಿಂಕ್‌ಸಿಸ್ ಕಂಪೆನಿಯ ಡಬ್ಲ್ಯೂಪಿಸಿ11 ಎಂಬ ಕಾರ್ಡಿನ ಮೊದಲ ಆವೃತ್ತಿಗಳಲ್ಲಿ ಪ್ರಿಸಂ ಚಿಪ್ಪು ಇದ್ದರೆ ನಾಲ್ಕನೆಯ ಆವೃತ್ತಿಯಲ್ಲಿ ರಿಯಲ್‌ಟೆಕ್ ಚಿಪ್ಪು ಬಂತು. ಗೆಳೆಯನ ಕಾರ್ಡು ನಡೆಯಿತೆಂದು ಅದೇ ಹೆಸರಿನ ಕಾರ್ಡು ಕೊಂಡವರಿಗೆ ಅದೇ ಡ್ರೈವರ್ ಉಪಯೋಗಕ್ಕೆ ಬರುತ್ತಿರಲಿಲ್ಲ. ಕೊಳ್ಳುವ ಮುಂಚೆ ಡಬ್ಬದ ತಳದ ಸಣ್ಣ ಅಕ್ಷರಗಳನ್ನು ಓದುವುದು ಲಿನಕ್ಸ್ ಬಳಸುವವರ ಅಭ್ಯಾಸವಾಗಿಬಿಟ್ಟಿತು.

ಕೆಲವು ಕಂಪೆನಿಗಳು ಚಿಪ್ಪಿನ ವಿವರಗಳನ್ನೇ ಹೊರಗೆ ಬಿಡಲಿಲ್ಲ. ಇದನ್ನು ದಾಟಲು ಮೂರು ದಾರಿಗಳು ಹುಟ್ಟಿಕೊಂಡವು. ಇವುಗಳ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಒಳ್ಳೆಯದೆಂದು ನಮಗನಿಸುತ್ತದೆ.

ಮೊದಲನೆಯದು ಎರವಲಿನ ದಾರಿ. 2003ರಲ್ಲಿ ಪೊಂಟಸ್ ಫುಕ್ಸ್ ಶುರುಮಾಡಿ, ಮುಂದೆ ಗಿರಿಧರ ಪೆಮ್ಮಸಾನಿ ಬೆಳೆಸಿದ 'ಎನ್‌ಡಿಐಎಸ್ ರ‍್ಯಾಪರ್' ವಿಂಡೋಸಿಗೆಂದು ಮಾಡಿದ ಡ್ರೈವರನ್ನೇ ಲಿನಕ್ಸಿನೊಳಗೆ ಓಡಿಸುತ್ತಿತ್ತು. ಅವಸರಕ್ಕೆ ಒದಗಿದ್ದು ನಿಜ, ಎಷ್ಟೋ ಜನ ಇದರಿಂದಲೇ ಅಂತರ್ಜಾಲ ಕಂಡರು. ಆದರೆ ಒಳಗೆ ಏನು ನಡೆಯುತ್ತಿದೆ ಎಂದು ಯಾರಿಗೂ ಕಾಣದು, ಕೆಟ್ಟರೆ ತಿದ್ದಲಾಗದು.

ಎರಡನೆಯದು ಕೇಳಿ ಕಲಿಯುವ ದಾರಿ. ಬ್ರಾಡ್‌ಕಾಂ ಚಿಪ್ಪುಗಳ ವಿಷಯದಲ್ಲಿ ನಡೆದದ್ದು ಇದು. ಒಂದು ಗುಂಪಿನವರು ಕಂಪೆನಿಯ ಡ್ರೈವರ್ ಚಿಪ್ಪಿನ ಜೊತೆ ಹೇಗೆ ವ್ಯವಹರಿಸುತ್ತದೆ ಎಂದು ತಾಳ್ಮೆಯಿಂದ ಶೋಧಿಸಿ ವಿವರಣೆಯನ್ನಷ್ಟೇ ಬರೆದಿಟ್ಟರು. ಇನ್ನೊಂದು ಗುಂಪಿನವರು ಕಂಪೆನಿಯ ತಂತ್ರಾಂಶವನ್ನು ನೋಡದೆ, ಆ ವಿವರಣೆಯನ್ನು ಮಾತ್ರ ಓದಿ ಹೊಸ ಡ್ರೈವರ್ ಬರೆದರು. ನಕಲು ಎಂಬ ಆರೋಪಕ್ಕೆ ಎಡೆಯಿರಬಾರದೆಂದು ಈ ಮಡಿ. 2006ರ ಜೂನ್‌ನ 2.6.17 ಕರ್ನೆಲಿಗೆ ಅದು ಸೇರಿತು. ವ್ಯಾಕರಣ ಪುಸ್ತಕವೇ ಇಲ್ಲದ ಭಾಷೆಯನ್ನು ಆಡುವವರ ಬಾಯಿಂದ ಕೇಳಿ ಕೇಳಿ ವ್ಯಾಕರಣ ಬರೆದಂಥ ಕೆಲಸ ಇದು.

ಮೂರನೆಯದು ಕಂಪೆನಿಯೇ ಬಾಗಿಲು ತೆರೆಯುವ ದಾರಿ. ಇಂಟೆಲ್ 2004ರಲ್ಲೇ ತನ್ನ ಸೆಂಟ್ರಿನೋ ಲ್ಯಾಪ್‌ಟಾಪುಗಳ ವೈರ್‌ಲೆಸ್‌ಗೆ ಮುಕ್ತ ಡ್ರೈವರ್ ಕೊಡತೊಡಗಿತು. ಕರ್ನೆಲ್ ಬಳಗದ ಗ್ರೆಗ್ ಕ್ರೋಹ್-ಹಾರ್ಟ್‌ಮನ್ 2007ರ ಜನವರಿಯಲ್ಲಿ 'ನೀವು ವಿವರ ಕೊಡಿ, ಡ್ರೈವರನ್ನು ನಾವು ಹಣ ಪಡೆಯದೆ ಬರೆದುಕೊಡುತ್ತೇವೆ' ಎಂಬ ಆಹ್ವಾನವನ್ನು ಎಲ್ಲ ಕಂಪೆನಿಗಳ ಮುಂದಿಟ್ಟರು. 2008ರಲ್ಲಿ ಅಥೆರೋಸ್, 2010ರಲ್ಲಿ ಬ್ರಾಡ್‌ಕಾಂ ತಮ್ಮ ಹೊಸ ಚಿಪ್ಪುಗಳ ಡ್ರೈವರನ್ನು ಮೂಲದೊಂದಿಗೆ ಬಿಡುಗಡೆ ಮಾಡಿದವು. 'ಸಂಖ್ಯೆ ಕಡಿಮೆ' ಎಂದು ಪಕ್ಕಕ್ಕೆ ಸರಿಸಿದವರೇ ಕೆಲವು ವರ್ಷಗಳಲ್ಲಿ ತಾವಾಗಿ ಬಂದು ಸೇರಿಕೊಂಡರು.

ನಮ್ಮ ಕಡೆಯ ಮಾತು

ಭಾರತದಲ್ಲಿ ಲ್ಯಾಪ್‌ಟಾಪಿನ ಈ ಸೀಳು ಹಲವರಿಗೆ ಪರಿಚಯವಾದದ್ದು ಡೇಟಾ ಕಾರ್ಡುಗಳಿಂದ. 2000ರ ದಶಕದಲ್ಲಿ ರಿಲಯನ್ಸ್, ಟಾಟಾ ಇಂಡಿಕಾಂ, ಬಿಎಸ್‌ಎನ್‌ಎಲ್‌ಗಳ ಸಿಡಿಎಂಎ ಸೇವೆಯ ಮೂಲಕ ಫೋನ್ ತಂತಿ ಇಲ್ಲದ ಕಡೆಯಲ್ಲೂ ಅಂತರ್ಜಾಲ ಸಿಗತೊಡಗಿತು. ಈ ಕಾರ್ಡುಗಳಲ್ಲಿ ಹೆಚ್ಚಿನವು ಒಳಗಿಂದ ಹಳೆಯ ಮೋಡೆಮ್ಮಿನ ರೀತಿಯವೇ ಆದ್ದರಿಂದ ಲಿನಕ್ಸಿನಲ್ಲಿ #777 ಎಂಬ ಸಂಖ್ಯೆಗೆ ಡಯಲ್ ಮಾಡಿದರೆ ಸಂಪರ್ಕ ಸಿಗುತ್ತಿತ್ತು. ಡಬ್ಬದ ಮೇಲೆ ಲಿನಕ್ಸಿನ ಹೆಸರು ಇಲ್ಲದಿದ್ದರೂ ಹೀಗೆ ನಡೆದದ್ದು, ಎಲ್ಲರಿಗೂ ಗೊತ್ತಿದ್ದ ಹಳೆಯ ಮಾನದಂಡವನ್ನು ಅವು ಪಾಲಿಸಿದ್ದರಿಂದ.

ಕೇರಳದಲ್ಲಿರುವ ನಮ್ಮ ಶಾಲೆಗಳಿಗೆ ಈ ಇತಿಹಾಸದ ನಂಟು ಇನ್ನೂ ಹತ್ತಿರದ್ದು. 2001ರ ಜುಲೈಯಲ್ಲಿ ತಿರುವನಂತಪುರದಲ್ಲಿ ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಆರಂಭವಾದಾಗ ರಿಚರ್ಡ್ ಸ್ಟಾಲ್‌ಮನ್ ಬಂದಿದ್ದರು. ಅದೇ ವರ್ಷ ಶುರುವಾದ 'ಐಟಿ ಅಟ್ ಸ್ಕೂಲ್' ಯೋಜನೆ ಆ ದಶಕ ಮುಗಿಯುವ ಮೊದಲೇ ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದಕ್ಕೆ 'ಕೈಟ್' ಎಂಬ ಹೆಸರಾಯಿತು. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಪಠ್ಯಪುಸ್ತಕ ಹಿಡಿದು ಕಂಪ್ಯೂಟರ್ ಪಾಠ ಕಲಿಯುವುದು ಇದೇ ಗ್ನು/ಲಿನಕ್ಸ್ ಯಂತ್ರಗಳ ಮುಂದೆ ಕುಳಿತು. ಪ್ರೊಜೆಕ್ಟರ್ ಜೋಡಿಸಿದ ಕೂಡಲೆ ಚಿತ್ರ ಮೂಡುತ್ತದೆ, ವೈಫೈ ತಾನಾಗಿ ಹಿಡಿಯುತ್ತದೆ. ಇದೆಲ್ಲ ಸಹಜ ಎಂದೇ ಮಕ್ಕಳು ತಿಳಿದಿದ್ದಾರೆ, ತಿಳಿದುಕೊಳ್ಳಲಿ. ಆದರೆ ಅದು ಸಹಜವಾದದ್ದು ಹೇಗೆ ಎಂಬುದೂ ಒಮ್ಮೆ ಅವರ ಕಿವಿಗೆ ಬೀಳಬೇಕು.

ಪಿಸಿ ಕಾರ್ಡಿನ ಕಾಲ ಮುಗಿಯಿತು. 2003ರಲ್ಲಿ ಬಂದ ಎಕ್ಸ್‌ಪ್ರೆಸ್ ಕಾರ್ಡ್ ಅದರ ಜಾಗ ಹಿಡಿಯಿತು. ವೈರ್‌ಲೆಸ್ ಲ್ಯಾಪ್‌ಟಾಪಿನ ಒಳಗೇ ಸೇರಿಕೊಂಡು, ಉಳಿದೆಲ್ಲ ಯುಎಸ್‌ಬಿಗೆ ಹೋದ ಮೇಲೆ ಅದಕ್ಕೂ ಕೆಲಸ ಉಳಿಯಲಿಲ್ಲ. ಮಾನದಂಡ ಮಾಡಿದ ಸಂಘ 2009ರ ಸುಮಾರಿಗೆ ಬಾಗಿಲು ಮುಚ್ಚಿತು. 2023-24ರಲ್ಲಿ ಹಳೆಯ 16 ಬಿಟ್ಟಿನ ವೈರ್‌ಲೆಸ್ ಕಾರ್ಡುಗಳ ಹಲವು ಡ್ರೈವರುಗಳನ್ನು ಲಿನಕ್ಸ್ ಕರ್ನೆಲಿನಿಂದ ತೆಗೆದರು. ಬಳಸುವವರೇ ಇಲ್ಲದ ಮೇಲೆ ಅವುಗಳನ್ನು ಕಾಯುತ್ತಾ ಕೂರುವವರು ಯಾರು?

ಆದರೆ ಇಲ್ಲೊಂದು ಮುಖ್ಯ ವ್ಯತ್ಯಾಸವಿದೆ. ಕಾರ್ಡಿನ ಜೊತೆ ಬಂದ ಡಿಸ್ಕು ಕಳೆದು, ಕಂಪೆನಿಯೂ ಮುಚ್ಚಿಹೋದರೆ ಅದರ ಡ್ರೈವರ್ ಹೋದಂತೆಯೇ. ಲಿನಕ್ಸಿನಿಂದ ತೆಗೆದ ಡ್ರೈವರಿನ ಪ್ರತಿ ಸಾಲೂ ಹಳೆಯ ಆವೃತ್ತಿಗಳಲ್ಲಿ ಹಾಗೆಯೇ ಇದೆ. ಬೇಕಾದವರು ನಾಳೆಯೂ ತೆರೆದು ಓದಬಹುದು, ಕಲಿಯಬಹುದು, ಮತ್ತೆ ಜೀವ ಕೊಡಬಹುದು.

ಭಾಷಾ ಅಲ್ಪಸಂಖ್ಯಾತರ ಶಾಲೆಗಳಲ್ಲಿ ದುಡಿಯುವ ನಾವು 'ನಿಮ್ಮ ಸಂಖ್ಯೆ ಕಡಿಮೆ' ಎಂಬ ಮಾತು ಕೇಳಿದಾಗಲೆಲ್ಲ ಅರ್ಜಿ ಹಿಡಿದು ಹೊರಡುತ್ತೇವೆ. ಅರ್ಜಿ ಬೇಕು, ಹಕ್ಕು ಕೇಳಲೇಬೇಕು. ಅದರ ಜೊತೆಗೆ ಈ ಕಾರ್ಡುಗಳ ಕಥೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ವಿವರಗಳು ಎಲ್ಲರ ಕೈಗೂ ಸಿಗುವಂತಿದ್ದರೆ, ಗೊತ್ತಿದ್ದವರು ಅದನ್ನು ಹೈಂಡ್ಸ್ ಅವರ ಹಾಗೆ ತಾಳ್ಮೆಯಿಂದ ಬರೆದಿಟ್ಟರೆ, ಕಡಿಮೆ ಸಂಖ್ಯೆಯವರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಹುದು. ನಮ್ಮ ಶಾಲೆಗಳಲ್ಲಿ ಒಬ್ಬೊಬ್ಬ ಮೇಷ್ಟ್ರು, ಒಬ್ಬೊಬ್ಬ ಟೀಚರ್ ಕಂಡುಕೊಂಡ ಎಷ್ಟೋ ಉಪಾಯಗಳು ಅವರ ನಿವೃತ್ತಿಯ ದಿನ ಅವರೊಂದಿಗೇ ಮನೆಗೆ ಹೋಗುತ್ತವೆ. ಅವನ್ನು ಕನ್ನಡದಲ್ಲಿ, ಮುಂದಿನವರು ತಿದ್ದಿಕೊಳ್ಳಲು ಬರುವಂತೆ, ಬರೆದಿಡುವ ಕೆಲಸವನ್ನು ನಾವೇ ಶುರುಮಾಡಬೇಕು.